ಮರಿಲಿಂಗನ ಕಾರಿನ ಶಾಫ್ಟ್

ಸಣ್ಣಗ ಮಾತಾಡ್ರಿ... ಮಕ್ಕಳು ಮಲಗ್ಯಾವ. ನೀವು ಈಗ ಆಲದಮರದ ಬಾವಿ ದಾಟೇ ಮನಿಗಿ ಹೋಗಬೇಕಲ್ಲ? ಅದಕ್ಕೇ ಹೇಳಾಕತ್ತೇನಿ. ನಗಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ಮರಿಲಿಂಗಗ ಆಗಿದ್ದು.

ಅವನ ಹಳೆ ಅಂಬಾಸಿಡರ್ ನೋಡೀರಿ. ಶಹಾಪುರ ದವಾಖಾನಿಯಿಂದ ದೋರನಹಳ್ಳಿ ಬಾಣಂತ್ಯಾರನ್ನೆಲ್ಲ ಅದರಾಗೇ ತರ್ತಿದ್ದ. ಗಾಳಿ-ದೆವ್ವ ಸೋಕಬಾರದಂತ ಬಾಣಂತಿ ಹತ್ರ ಕಬ್ಬಿಣ ಇರಬೇಕಲ್ರಿ, ಕುಡಗೋಲರೆ, ಮೊಳಿಯರೆ. ಇವ ಒಲ್ಲೆ ಅಂತಿದ್ದ. "ಕುಡಗೋಲು ಕೂಸಿಗಿ ತಾಗ್ತದವ್ವ. ಸೀಟಿನ ಕೆಳಗ ಹಿಂದಿನ ಗಾಲಿ ತಿರುಗಿಸೋ ಶಾಫ್ಟ್ ಅದ, ಆಳುದ್ದ ಕಬ್ಬಿಣ. ಅದೇ ಕಾಯ್ತದ."

ಕಾದಿತ್ತು ಖರೇ. ಆದ್ರ ಹೋದ ವರ್ಷ ಅವನ ತಂಗಿ ಪರಿಮಳಾಗ ದಿನ ತುಂಬಿದ್ವು. ಕಾರು ಓಡಿದ್ರ ಕೆಳಗ ಗಡಗಡ ನಡುಗ್ತಿತ್ತು. ತಂಗಿಗಿ ಕುಲುಕಬಾರದು ಅಂದ. ಮಿಸ್ತ್ರಿ ಸರದಾರಸಾಬನ ಕಡಿಂದ ಕಬ್ಬಿಣದ್ದು ತಗಿಸಿ ಅಲ್ಯೂಮಿನಿಯಂ ಶಾಫ್ಟ್ ಹಾಕಿಸಿದ. ಹಗುರ. ಕಾರು ಎಣ್ಣಿ ಹಚ್ಚಿದಂಗ ಓಡ್ತು.

ಬಾಯಿ ಮಾತ್ರ ಹಳೇದೇ. ಹೆರಿಗಿ ಆಗಿ ದವಾಖಾನಿಯವರು ಬಿಡೂದ್ರಾಗ ರಾತ್ರಿ ಆಗಿತ್ತು. ಅವ್ವ ಹಣಮಂತಮ್ಮ ಕೂಸಿನ ಕೈಗಿ ಕರಿದಾರ ಕಟ್ಟಿ, ಕುಡಗೋಲು ಹಿಡಕೊಂಡು ನಿಂತಿದ್ಳು.

"ಬ್ಯಾಡ ಬಿಡವ್ವ, ಕೆಳಗ ಕಬ್ಬಿಣ ಅದ," ಅಂದ.

ರೂಢಿ ನೋಡ್ರಿ... ಅವ್ವ ಕುಡಗೋಲು ಅಲ್ಲೇ ಬಿಟ್ಟು ಕಾರು ಹತ್ತಿದ್ಳು.

ಬಾವಿ ಹತ್ರ ಬಂದ್ರು. ಎಂಜಿನ್ ಭರ್ರಂತದ, ಕಾರು ಸರಿಯವಲ್ದು. ಆಮ್ಯಾಲ ಎಂಜಿನ್ನೂ ಬಂದಾತು. ಕೆಳಗ ಸಪ್ಪಳ. ಟಣ್... ಟಣ್... ಬಾವಿಗಿ ಕೊಡ ಬಿಟ್ಟಂಗ. ಆಮ್ಯಾಲ ಗುಳುಗುಳು...

ಹಿಂದಿನ ಸೀಟಿನಾಗ ಅವ್ವ, ಪರಿಮಳಾ. ಇಬ್ಬರ ನಡುವ ಯಾರೋ ಕುಂತಂಗ ಸೀಟು ಕುಸೀತು.

"ಅಣ್ಣಾ... ಕೂಸಿನ್ನ ಯಾರೋ ಎತ್ತಾಕತ್ತಾರ."

"ಬಿಡಬ್ಯಾಡ."

"ಕೈ ಏಳವಲ್ವು ಅಣ್ಣಾ..."

ಇವನವೂ ಏಳಲಿಲ್ಲ. ಅವ್ವನವೂ ಏಳಲಿಲ್ಲ. ಕೂಸು ಅಳೋದು ಕೇಳಾಕತ್ತಿತ್ತು... ಮಡಿಲಿಂದಲ್ಲ, ಕಾಲ ಕೆಳಗಿಂದ. ಹೆತ್ತಾಕಿ, ಆಯಿ, ಸ್ವಾದರಮಾವ, ಮೂರೂ ಮಂದಿ ಅಲ್ಲೇ ಇದ್ದೂ ಸುಮ್ನ ಕೇಳಿದ್ರು. ಇಂಥ ಗತಿ ವೈರಿಗೂ ಬರಬಾರದು.

ಊರಾಗ ಬೆಳಗಿನ ಆಜಾನ್ ಆದಾಗ ಕಾರು ತಾನೇ ಚಾಲೂ ಆತು. ಕೂಸು ಮಡಿಲಾಗೇ ಇತ್ತು, ಉಸಿರಾಡಾಕತ್ತಿತ್ತು. ಕೈಯಾಗ ಕರಿದಾರ ಇದ್ದಿಲ್ಲ.

ಅವತ್ತೇ ಸರದಾರಸಾಬ ಆ ಶಾಫ್ಟ್ ಬಿಚ್ಚಿದ. ಅಲ್ಲಾಡಿಸಿದ. ಗುಳುಗುಳು... ಅದು ಪೈಪಿನಂಗ ಒಳಗ ಟೊಳ್ಳು, ಎರಡೂ ಕಡಿ ಬೆಸುಗಿ. ಗಾಳಿ ಹೋಗಾಕೂ ತೂತಿಲ್ಲ. ನಡುವ ಕೊಯ್ದ. ಪಾಚಿ ವಾಸನಿ ನೀರು ಸುರೀತು. ಅದರ ಹಿಂದ ಕರಿದಾರ ಬಂತು.

ಸುಳ್ಳಂದ್ರ ಸರದಾರಸಾಬನ್ನ ಕೇಳ್ರಿ. ನಾನೂ ಅಲ್ಲೇ ಇದ್ದೆ, ದಾರ ಕೈಯಾಗ ಹಿಡದು ನೋಡೀನಿ. ಗಂಟು ಬಿಚ್ಚಿರಲಿಲ್ಲ.