ಎರಡನೆಯ ಬಸಿರು

ಆಳಂದ ಬಸ್ ನಿಲ್ದಾಣದಲ್ಲಿ ಅಫಜಲಪುರದ ಬಸ್ಸಿಗಾಗಿ ಕಾಯುತ್ತಿದ್ದ ಜಯಮಾಲಾಳ ಪಕ್ಕದಲ್ಲಿ, ತುಂಬು ಬಸುರಿ ರಾಧಿಕಾ ತನ್ನ ಅತ್ತೆ ಮಲ್ಕಮ್ಮನ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು.

"ಅತ್ತಿ, ಮುಂಜಾನಿಂದ ತಲಿ ಸಿಡ್ಯಾಕತ್ತದ. ದವಾಖಾನಿಗೆ ಹೋಗಿ ಬಿಪಿ ತೋರಸೋಣ್ರಿ."

"ಬಿಸಲಿಗೆ ಹಂಗ ಆಗ್ತದ ಬೇ. ನಮ್ಮೂರು ಖಜೂರಿಗೆ ಹೋಗಿ ಮಲಕೊಂಡ್ರ ಇಳೀತದ."

"ಹ್ವಾದ ಸಲನೂ ಹಿಂಗೇ ಅಂದಿದ್ರಿ. ರಾತ್ರಿ ಫಿಟ್ಸ್ ಬಂತು, ಕೂಸು ಉಳೀಲಿಲ್ಲ."

"ಅದು ಚೊಚ್ಚಲ ಇತ್ತು. ಒಮ್ಮೆ ಬಂದಿದ್ದು ಮತ್ತ ಯಾಕ ಬರ್ತದ?"

"ಮತ್ತ ಬರಬಹುದು ಅಂತ ಡಾಕ್ಟರಮ್ಮ ಅವಾಗೇ ಹೇಳ್ಯಾರ. ಅದು ಬರಬಾರದಂತ ಕೊಟ್ಟ ಗುಳಗಿ ನೀವೇ ಬಿಡಿಸಿದ್ರಿ."

"ಬಸುರಿ ಹೆಂಗಸು ಅಂಥಾ ಉಷ್ಣದ ಗುಳಗಿ ನುಂಗಬಾರದು."

ರಾಧಿಕಾ ಹಣೆ ಒತ್ತಿಕೊಂಡಳು. ಎದುರಿಗೆ ಬಸ್ಸೊಂದು ಬಂದು ನಿಂತಿತು.

"ಖಜೂರಿದೇನು ನೋಡು. ಬೋರ್ಡ್ ಓದು."

ರಾಧಿಕಾ ಕಣ್ಣುಜ್ಜಿಕೊಂಡಳು. "ಅಕ್ಷರ ಕಾಣ್ವಲ್ಲವ್ರಿ. ಎಲ್ಲಾ ಮಂಜ್ ಮಂಜ್ ಆಗ್ಯಾದ."

ಜಯಮಾಲಾಳಿಗೆ ತಡೆಯಲಾಗಲಿಲ್ಲ. "ಖಜೂರಿದೇ ಅದರಿ. ಆದ್ರ ಅದನ್ನ ಹತ್ತಬ್ಯಾಡ್ರಿ. ಬಿಪಿ ಏರಿದ್ರ ಹಿಂಗ ಕಣ್ಣು ಮಂಜಾಗ್ತಾವ, ಮತ್ತ ಫಿಟ್ಸ್ ಬರಬಹುದು. ಮೊದಲು ಈಕಿನ್ನ ದವಾಖಾನಿಗೆ ಒಯ್ರಿ."

ಮಲ್ಕಮ್ಮ ಸೊಸೆಯ ಊದಿದ ಮುಖವನ್ನು ಆಗಷ್ಟೇ ಕಂಡವಳಂತೆ ನೋಡಿದಳು. ಬಸ್ಸಿನ ಬಾಗಿಲು ತೆರೆದಿತ್ತು.

"ಆಟೋ ಎಲ್ಲಿ ನಿಂದರ್ತಾವ್ರಿ?" ಎಂದಳು ಕಡೆಗೆ.

ಜಯಮಾಲಾ ಗೇಟಿನತ್ತ ತೋರಿಸಿದಳು. ಏಳಲು ರಾಧಿಕಾ ಕೈ ಚಾಚಿದಳು. ಎದುರಿಗೇ ಇದ್ದ ಅತ್ತೆಯ ಭುಜ ಸಿಗದೆ ಆ ಕೈ ಗಾಳಿಯಲ್ಲಿ ತಡಕಾಡಿತು. ಮಲ್ಕಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಗೇಟಿನ ಕಡೆ ನಡೆದಳು.