ಚಿಂದಿ ಕಟ್ಟಿದ ಮೂರು ಸೌತೆಕಾಯಿ

ತಾಯಂದಿರೇ, ಶರಣ ಬಂಧುಗಳೇ, ಇವತ್ತು ಒಂದು ಸೌತೆಕಾಯಿಯ ಮಾತು ಹೇಳುತ್ತೇನೆ. ನಗಬೇಡಿ. ದೇವರ ಮಾತು ಕೇಳಲು ಬಂದರೆ ಸ್ವಾಮಿಗಳು ಸಂತೆಗೆ ಹೊರಟರಲ್ಲ ಅನ್ನಬೇಡಿ.

ಒಂದೂರಲ್ಲಿ ಒಬ್ಬ ರೈತನಿದ್ದ. ಶ್ರೀಮಂತನಲ್ಲ. ಬಾವಿಯ ಪಕ್ಕ ಒಂದು ಎಕರೆ, ಹೆಂಡತಿ, ಮುದಿ ತಾಯಿ, ಇಷ್ಟೇ. ಹೆಸರು ಬೇಡ, ನಿಮ್ಮ ಪಕ್ಕದಲ್ಲೇ ಕುಳಿತಿದ್ದಾನು! ಹೋಳಿ ಮುಗಿದು ಬೇವು ಚಿಗುರಿತೆಂದರೆ ಮೂವರಿಗೂ ಬೆನ್ನೆತ್ತಲು ಬಿಡುವಿಲ್ಲ. ನೀರು ಹಾಯಿಸಬೇಕು, ಕಳೆ ಕೀಳಬೇಕು, ಸೋಮವಾರದ ಸಂತೆಗೆ ಸೌತೆಕಾಯಿ ಕೊಯ್ದು ಬುಟ್ಟಿ ತುಂಬಬೇಕು. ಬಿಸಿಲೇರಿದಂತೆ ಜನ ಆ ಮನೆಯ ಕಾಯಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಷ್ಟು ಎಳೆಯದು, ಅಷ್ಟು ಸಿಹಿ.

ಬಳ್ಳಿ ಕಾಯಿ ಹಿಡಿದಾಗ ಆ ತಾಯಿ ಪ್ರತಿ ವರ್ಷ ಒಂದು ಕೆಲಸ ಮಾಡುತ್ತಿದ್ದಳು. ಎಲ್ಲಕ್ಕಿಂತ ಚೆಂದದ ಮೂರು ಕಾಯಿ ಆರಿಸಿ, ಹಳೆಯ ಸೀರೆಯ ಚಿಂದಿ ಕಟ್ಟುತ್ತಿದ್ದಳು. ಚಿಂದಿ ಕಟ್ಟಿದ್ದನ್ನು ಯಾರೂ ಕೊಯ್ಯುವಂತಿಲ್ಲ. ಅದು ಬಳ್ಳಿಯಲ್ಲೇ ಹಣ್ಣಾಗಬೇಕು, ಬೀಜಕ್ಕೆ. ಆ ಬೀಜಕ್ಕೆ ಬೂದಿ ಬೆರೆಸಿ ಒಣಗಿಸಿ, ಕೇಳಿದವರಿಗೆಲ್ಲ ಒಂದೊಂದು ಚಿಟಿಕೆ ಕೊಡುತ್ತಿದ್ದಳು.

ಮಗನಿಗೆ ಹೊಟ್ಟೆಯುರಿ. "ಯವ್ವಾ, ಊರಿಗೆಲ್ಲಾ ಬೀಜ ಹಂಚಿದ್ರ ಸಂತ್ಯಾಗ ನಮ್ಮನ್ನ ಯಾರು ಕೇಳ್ತಾರ? ಬೀಜಕ್ಕ ಒಂದು ಬಿಟ್ರ ಸಾಕು, ಮೂರು ಯಾಕ?"

"ಈಗ ತಿಳಿಯೂದಿಲ್ಲ ಬಿಡಪಾ," ಎನ್ನುವಳು ತಾಯಿ.

ಒಂದು ಚಳಿಗಾಲ ಆಕೆ ಲಿಂಗೈಕ್ಯಳಾದಳು. ಆ ವಸಂತದಲ್ಲಿ ಸೊಸೆ ಚಿಂದಿ ಕಟ್ಟಿದಳು, ಮೂರೇ. ಯುಗಾದಿಯ ಹಿಂದಿನ ಸಂತೆ ಬಂತು. ಬುಟ್ಟಿ ತುಂಬಲು ಎರಡು ಬೆರಳು ಕಡಿಮೆ. ನೋಡಿ, ಎರಡೇ ಬೆರಳು! ಮಗ ಚಿಂದಿ ಬಿಚ್ಚಿ ಮೂರನ್ನೂ ಕೊಯ್ದು ಮೇಲಿಟ್ಟ.

"ಅತ್ತಿ ಇದ್ದಿದ್ರ ಬಿಡ್ತಿದ್ರೇನ್ರೀ?" ಎಂದಳು ಹೆಂಡತಿ.

"ಬೀಜ ಅಂಗಡ್ಯಾಗ ಸಿಗ್ತಾವ, ತಗೋ."

ಆದರೂ ಮನಸ್ಸು ಚುಚ್ಚಿತು. ಬರುವ ವಾರ ಕಟ್ಟೋಣ ಎಂದುಕೊಂಡ. ಬರುವ ವಾರವೂ ಬುಟ್ಟಿ ಕಡಿಮೆಯೇ. ಆಮೇಲೆ ಬಿಸಿಲಿಗೆ ಬಳ್ಳಿಯೇ ಒಣಗಿಹೋಯಿತು.

ಮನೆಯ ಬೀಜವೆಲ್ಲ ಮುಗಿದಿತ್ತು. ಮರುವರ್ಷ ಅಂಗಡಿಯ ಬೀಜ ಹಾಕಿದ. ಕಾಯಿ ಉದ್ದಕ್ಕೆ, ನುಣ್ಣಗೆ ಬಂದವು. ಸಂತೆಯಲ್ಲಿ ಹಳೆಯ ಗಿರಾಕಿಗಳು ಒಂದು ಹೋಳು ಬಾಯಿಗಿಟ್ಟು ಕೊಳ್ಳದೆ ಮುಂದೆ ಹೋದರು. ಒಬ್ಬಜ್ಜ ಮಾತ್ರ, "ಇದು ನಿಮ್ಮವ್ವನ ಕಾಯಿ ಅಲ್ಲಪಾ," ಎಂದ. ತಾಯಿ ಸತ್ತಾಗ ಅಳದವನಿಗೆ ಆಗ ಕಣ್ಣು ತುಂಬಿ ಬಂತು. ಅವ್ವ ಹೋಗಿದ್ದಳು, ಆಕೆಯ ಕಾಯಿಯನ್ನು ತಾನೇ ಕಳೆದಿದ್ದ.

ತುಂಬಿದ ಬುಟ್ಟಿ ಹೊತ್ತು ಮನೆಗೆ ಹೊರಟ. ಸಂತೆಯ ತುದಿಯಲ್ಲಿ ಕಸಬರಿಗೆ ಮಾರುವ ಮುದುಕಿಯ ಮುಂದೆ ಜನ ಮುತ್ತಿದ್ದರು. ಆಕೆ ಕಸಬರಿಗೆಯ ಜೊತೆ ಹಿತ್ತಲಿನ ನಾಲ್ಕಾರು ಸೌತೆಕಾಯಿ ತಂದಿದ್ದಳು. ಈತ ಒಂದು ತುಂಡು ಬಾಯಿಗಿಟ್ಟ. ಅದೇ ಎಳೆತನ, ಅದೇ ಸಿಹಿ!

"ಯವ್ವಾ, ಈ ಬೀಜ ಎಲ್ಲೀದು?"

"ನಿಮ್ಮವ್ವ ಕೊಟ್ಟದ್ದು, ತಮ್ಮಾ. ಮೂರಕ್ಕ ಚಿಂದಿ ಕಟ್ಟು ಅಂದಿದ್ಲು. ಒಂದು ನಿನಗ, ಒಂದು ಕೇಳಿದವ್ರಿಗೆ, ಒಂದು ಬೀಜ ಕಳ್ಕೊಂಡವ್ರಿಗೆ. ಯಾವನರ ಒಬ್ಬ ಕಳ್ಕೊಂಡೇ ಕಳ್ಕೋತಾನ ಅಂತಿದ್ಲು."

ಮುದುಕಿ ಅವನನ್ನು ಮನೆಗೆ ಕರೆದೊಯ್ದು, ಜಂತಿಗೆ ಸಿಕ್ಕಿಸಿದ್ದ ಗಂಟು ಇಳಿಸಿದಳು. "ಹಿಡಿ. ಮೂರನೇದು. ಇನ್ನೂ ಯಾರೂ ಕೇಳಿರಲಿಲ್ಲ."

ಆತ ಕಸಬರಿಗೆ ಮಾರುವವಳ ಕಾಲು ಮುಟ್ಟಿದ. ತಾಯಿಯ ಕಾಲನ್ನೇ ಮುಟ್ಟಿದಂತಾಯಿತು ಅವನಿಗೆ.

ಈಗ ಹೇಳಿ, ಆ ಬೀಜ ಉಳಿದದ್ದು ಎಲ್ಲಿ? ಬುಟ್ಟಿಯಲ್ಲೇ? ಅಂಗಡಿಯಲ್ಲೇ? ಯಾವ ಹಂಚಿಕೆಗೆ ಮಗ ಹೊಟ್ಟೆ ಉರಿದುಕೊಂಡನೋ ಅದೇ ಹಂಚಿಕೆ ಅವನ ಹೊಲಕ್ಕೆ ತಿರುಗಿ ಬಂತು. ನಾವು ಇವತ್ತು ಉಣ್ಣುವ ರೊಟ್ಟಿಯ ಹಿಂದೆ ಯಾರೋ ಕೊಯ್ಯದೆ ಬಿಟ್ಟ ತೆನೆಯಿದೆ. ಅದನ್ನು ನೆನೆದರೆ ನನಗಂತೂ ಕೈ ತಾನಾಗಿಯೇ ಮುಗಿಯುತ್ತದೆ.

ಸಂಜೆ ಮನೆಗೆ ಹೋದ ಮೇಲೆ, ಮೊದಲ ತುತ್ತಿಗೆ ಮುಂಚೆ ಒಬ್ಬರನ್ನು ನೆನೆಯಿರಿ. ಬೀಜ ಕೊಟ್ಟವರು, ಬಿತ್ತುವ ದಿನ ಎತ್ತು ಕೊಟ್ಟವರು, ರೊಟ್ಟಿ ಬಡಿಯಲು ಕಲಿಸಿದವರು. ಬದುಕಿದ್ದರೆ ನಾಳೆ ಅವರ ಬಾಗಿಲಿಗೆ ಹೋಗಿ, ನಿಮ್ಮಿಂದ ಉಂಡೆವು ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಹೊಲಕ್ಕೆ ಹೋಗಿ. ಬುಟ್ಟಿ ಎರಡು ಬೆರಳು ಕಡಿಮೆಯಾದರೆ ಆಗಲಿ. ಚೆಂದದ ಕಾಯಿಗೇ ಚಿಂದಿ ಕಟ್ಟಿ. ಕಟ್ಟುವಾಗ ಮೂರನೆಯದನ್ನು ಮರೆಯಬೇಡಿ. ನಿಮ್ಮ ಮಗನೇ ಅದನ್ನು ಕೇಳಿಕೊಂಡು ಯಾರದೋ ಬಾಗಿಲಿಗೆ ಹೋಗಬೇಕಾದೀತು.