ಕಣ್ಣೂರು ಬೋರ್ಡಿನ ಐವತ್ತು ಪರ್ಸೆಂಟ್

...ಐವತ್ತು! ಐವತ್ತು ಪರ್ಸೆಂಟ್, ಸೇವಂತಿ! ಮೊದಲು ಅಂಗವಿಕಲ ಅಂತ ಇಪ್ಪತ್ತು ಕೊಟ್ಟವರೇ ಈಗ ಐವತ್ತು ಬರೆದ್ರು! ಪೆನ್ಶನ್ ಏರ್ತದೆ! ಇನ್ನು ನಿನ್ನ ಗಂಡ ಅರ್ಧ ಸರ್ಕಾರದ್ದು, ಅರ್ಧ ನಿನ್ನದು... ಎಂತ ನಗುದು? ನಿಜ ಮಾರಾಯ್ತಿ!

ಕೇಳು, ಕೇಳು. ಕಣ್ಣೂರಿನ ಮಿಲಿಟರಿ ಆಸ್ಪತ್ರೆ, ಸಾಲಾಗಿ ಕೂತ ಮೆಡಿಕಲ್ ಬೋರ್ಡಿನ ಡಾಕ್ಟ್ರುಗಳು. ನಾನು ಬಾಗಿಲಲ್ಲೇ ಸೆಲ್ಯೂಟ್ ಹೊಡೆದೆ: ನಾಯಕ್ ಮೇದಪ್ಪ ಗೌಡ, ಡ್ರೈವರ್! ಮೇಜರ್ ಸಾಹೇಬ್ರು ಹೆದರಿ ಚಾ ಚೆಲ್ಲಿಕೊಂಡ್ರು! ಹ್ಹ ಹ್ಹ... "ಅರವತ್ತೆರಡರ ಯುದ್ಧದಲ್ಲಿ ಲಾರಿ ಓಡಿಸಿದ್ದೀಯಾ?" ಕೇಳಿದ್ರು. "ಹೌದು ಸಾರ್, ಚೀನಾದವರ ಕೈಗೆ ಸಿಗ್ಲಿಲ್ಲ, ಸಕ್ಕರೆ ಕಾಯಿಲೆ ಕೈಗೆ ಸಿಕ್ಕಿದೆ" ಅಂದೆ. ಇಡೀ ಬೋರ್ಡೇ ನಕ್ಕಿತು!

ಎಂತ? ಕಾಯಿಲೆ ಅದೇ ಅಲ್ವಾ, ಪರ್ಸೆಂಟ್ ಯಾಕೆ ಏರಿತು ಅಂತಲಾ? ಅದು... ಅವರಿಗೆ ನನ್ನ ಮೇಲೆ ಪ್ರೀತಿ ಬಂತು! ಬಿಡು ಅದನ್ನು. ದೊಡ್ಡ ಸುದ್ದಿ ಉಂಟು! ಪುತ್ತೂರಲ್ಲಿ ಇಳಿದವನೇ ಹಂಝ ಬ್ಯಾರಿಯ ಅಂಗಡಿಗೆ ಹೋದೆ. ನಾಳೆಯಿಂದ ಅವನ ಜೀಪಿಗೆ ನಾನೇ ಡ್ರೈವರ್! ನಿನ್ನನ್ನು ಮುಂದಿನ ಸೀಟಲ್ಲಿ ಕೂರಿಸಿ ಸುಳ್ಯಕ್ಕೆ, ನಿನ್ನ ತಂಗಿ ಮನೆಗೆ... ಪೋಂ ಪೋಂ! ಆಲಂಕಾರಿನಲ್ಲಿ ಬಸ್ ಇಳಿದು ಓಡಿಕೊಂಡೇ ಬಂದೆ, ನಿನಗೆ ಹೇಳ್ಲಿಕ್ಕೆ.

ಎಂತ, ಕೆಳಗೇ ನೋಡ್ತಾ ಇದ್ದಿ? ನನ್ನ ಮುಖ ನೋಡು. ಕೆಳಗೆ ಎಂತ ಉಂಟು?

...ಹೋ. ಒಂದು ಚಪ್ಪಲಿ ಎಲ್ಲಿ ಹೋಯ್ತು? ಈ ರಕ್ತ... ನನ್ನದಾ? ಎಲ್ಲಿ ಜಾರಿತೋ! ಎಂತಹ ಮಂಗ ನಾನು, ಅಲ್ವಾ? ನಗು ಮಾರಾಯ್ತಿ. ಈಗ ನಗು... ಸೇವಂತಿ?

...ಬೋರ್ಡಿನವರು ಪಾದಕ್ಕೆ ಸೂಜಿ ಚುಚ್ಚಿ ನೋಡಿದ್ರು. ಕಣ್ಣು ಮುಚ್ಚು, ಚುಚ್ಚಿದಾಗ ಹೇಳು ಅಂತ. ನಾನು ಕಾದೆ, ಕಾದೆ... "ಶುರು ಮಾಡಿ ಸಾರ್" ಅಂದೆ. ಅವರದ್ದು ಚುಚ್ಚಿ ಮುಗಿದಿತ್ತು. ಸಕ್ಕರೆಯಿಂದ ಎರಡೂ ಕಾಲಿನ ನರ ಹೋಗಿದೆಯಂತೆ. ಅದಕ್ಕೇ ಐವತ್ತು. ಇನ್ನು ಸ್ಟೇರಿಂಗ್ ಮುಟ್ಟಬೇಡ ಅಂದ್ರು... ಅದು ಬಿಟ್ರೆ ನನಗೆ ಎಂತ ಗೊತ್ತುಂಟು, ಹೇಳು?

ಆಯ್ತು, ಅಳಬೇಡ. ಬೆಳಿಗ್ಗೆಯೇ ಹೋಗಿ ಹಂಝನಿಗೆ ಆಗುದಿಲ್ಲ ಅಂತ ಹೇಳ್ತೇನೆ. ಆಯ್ತಾ?

ನೀನು ಕಾಲು ಒರೆಸ್ತಾ ಇದ್ದಿ... ಬಿಸಿನೀರಾ ಅದು? ತಣ್ಣೀರಾ? ನಿನ್ನ ಕೈ... ಇಲ್ಲ ಸೇವಂತಿ, ಗೊತ್ತಾಗುದಿಲ್ಲ. ಕಾಣ್ತದೆ, ಅಷ್ಟೆ.